ಗಡಿಗೆಗೆ ಅಂಬಲಿ ಕುಡಿಸುವ ಅತ್ತೆ

ರಾಯಬಾಗ ತಾಲೂಕಿನಲ್ಲಿ ತಲೆ ನೆಟ್ಟಗಿರುವವರ ಪಟ್ಟಿ ಮಾಡಿದರೆ ಅದರಲ್ಲಿ ನಮ್ಮ ಅತ್ತೆಯ ಹೆಸರು ಬರುವುದಿಲ್ಲ ಎಂದು ನಾನು ಬರೆದುಕೊಡಲು ಸಿದ್ಧ! ಅತ್ತೆ ಎಂದರೆ ಅಪ್ಪನ ಅಕ್ಕ. ಹಾರೂಗೇರಿ ಹತ್ತಿರ ತೋಟದ ಮನೆಯಲ್ಲಿರುತ್ತಾಳೆ. ಐವತ್ತೈದು ದಾಟಿದ ಮೇಲೆ ಕುಂಬಾರ ಕಾಕಾನ ಹತ್ತಿರ ತಿಗರಿ ತಿರುಗಿಸಲು ಕಲಿತಳು. ಈಗ ಈಕೆ ಬರುವುದು ಕಂಡರೆ ಆ ಕಾಕಾ ಹಿತ್ತಲ ಬಾಗಿಲಿಂದ ಪಾರಾಗುತ್ತಾನಂತೆ.

ಯಾಕೆಂದರೆ ನುಣ್ಣಗಿನ ಗಡಿಗೆ ಅತ್ತೆಯ ಕಣ್ಣಿಗೆ ಆಗದು. ಹಸಿಮಣ್ಣಿನ ಮೇಲೆ ಏನಾದರೂ ಒತ್ತಲೇಬೇಕು. ಗೋವಿನಜೋಳದ ತೆನೆ ಉರುಳಿಸಿದಳು, ಬಾಚಣಿಗೆ ಎಳೆದಳು, ಕಿಟಕಿಯ ಜಾಳಿಗೆ ಬಿಚ್ಚಿ ಒತ್ತಿದಳು. ಆ ವರ್ಷ ಸೊಳ್ಳೆಗಳಿಗೆ ಹಬ್ಬ! ಒಮ್ಮೆ ಬಂದ ಬೀಗರು ಹೊಸ ಹರವಿಯ, ಎಂದರೆ ದೊಡ್ಡ ಗಡಿಗೆಯ, ನೀರು ಕುಡಿದು ಅದರ ಮೈ ಸವರಿದರು.

“ಏನ್ ನಕ್ಷಿ ರೀ! ಬಳ್ಳಿ ಹೆಣೆದಂಗ ಐತಿ.”

ಮಾವ ಬಗ್ಗಿ ನೋಡಿದ, ಆಮೇಲೆ ತನ್ನ ಕಾಲು ನೋಡಿಕೊಂಡ. “ಏ, ಇದು ನನ್ನ ಕೊಲ್ಹಾಪುರಿ ಚಪ್ಪಲಿ ಪಟ್ಟಿ ಅಲ್ಲೇನ?”

“ತೊಳದ ಒತ್ತೀನ್ರಿ!”

ಬೀಗರು ಆ ಮನೆಯಲ್ಲಿ ಮತ್ತೆಂದೂ ನೀರು ಕೇಳಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಯಾವುದೋ ದೇಶದವರು ಕೆಂಪಗೆ ಕಾದ ಗಡಿಗೆಯನ್ನು ಭಟ್ಟಿಯಿಂದ ಎತ್ತಿ ಹುಳಿ ಬಂದ ಹಿಟ್ಟಿನ ನೀರಲ್ಲಿ ಅದ್ದುವುದನ್ನು ಅತ್ತೆ ಮೊಬೈಲಿನಲ್ಲಿ ನೋಡಿಬಿಟ್ಟಳು. ಹಿಟ್ಟು ಸುಟ್ಟು ಗಡಿಗೆಯ ಮೈತುಂಬ ಚಿರತೆಯಂಥ ಚುಕ್ಕೆ ಏಳುತ್ತವಂತೆ. ಹಿಟ್ಟಿನ ನೀರೆಂದರೆ ಅಂಬಲಿ ತಾನೆ? ಅದಕ್ಕೇನು ಬರ! ಮಾವನ ಮುಂಜಾನೆಯ ಜೋಳದ ಅಂಬಲಿ ಅಂದಿನಿಂದ ಗಡಿಗೆಗಳ ಪಾಲಾಯಿತು.

“ಮತ್ತ ನನಗ?” ಎಂದ ಮಾವ.

“ನೀವ ಕುಡದ್ರ ಮೈಮ್ಯಾಲ ಚುಕ್ಕಿ ಏಳ್ತಾವೇನ್ರಿ?”

ಮಗ್ಗುಲ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, “ಅಕ್ಕಾರ, ಗಡಿಗಿಗೆ ಜ್ವರಾ ಬಂದಾವೇನ್ರಿ?” ಎಂದಳು.

ಸಣ್ಣ ಕುಡಿಕೆಗಳ ಮೇಲೆ ಚುಕ್ಕೆ ಎದ್ದವು, ನಿಜ. ಆದರೆ ಅತ್ತೆಗೆ ಬೇಕಿದ್ದದ್ದು ದೊಡ್ಡ ಹರವಿ. ಅದ್ದಿದ ಕೂಡಲೇ ಅವು ಢಬ್ ಎಂದು ಒಡೆಯುತ್ತಿದ್ದವು. ಒಂದಲ್ಲ, ಹನ್ನೊಂದು! ಸುತ್ತಲಿನ ತೋಟದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಒಡೆದ ಚೂರುಗಳ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದ್ದೆ.

“ಒಂದಾರ ಉಳೀಲಿ ಬೇ,” ಎಂದಳು ಅತ್ತೆ, ಅಂದು ತಮಾಷೆ ಮಾಡದೆ. “ಒಂದ ಉಳದ್ರ ಸಾಕು, ಮಂದಿ ಬಾಯಿ ಮುಚ್ಚತೈತಿ.”

ಹನ್ನೆರಡನೆಯದನ್ನು ಹಿತ್ತಲ ಭಟ್ಟಿಯಿಂದ ಹೊರತೆಗೆದ ದಿನ ನಾನು ಅಲ್ಲಿದ್ದೆ. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ಬೆಂಕಿ ಏನನ್ನು ಎಷ್ಟು ಬೇಗ ಸುಡುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಅಂಥ ಜಾಣೆ ನೈಲಾನ್ ಓಢಣಿ ಹೊದ್ದು, ವಿಡಿಯೋ ಮಾಡಲೆಂದು ಭಟ್ಟಿಯ ಬಾಯಿಗೇ ಹೋಗಿ ನಿಂತಿದ್ದಳು! ತಲೆ ನೆಟ್ಟಗಿರುವವರ ಪಟ್ಟಿ ಯಾರ ಕೈಗೆ ಕೊಡುವುದು ಹೇಳಿ?

ಅತ್ತೆ ಉದ್ದನೆಯ ಇಕ್ಕಳದಲ್ಲಿ ಹರವಿ ಎತ್ತಿ ಅಂಬಲಿಯ ಬ್ಯಾರಲ್ಲಿಗೆ ಇಳಿಸಿದಳು. ಸೊಂಯ್ ಎಂದು ಹಬೆ ಎದ್ದಿತು. ಮೇಲೆ ಬಂದಾಗ ಹರವಿ ಇಡಿಯಾಗಿತ್ತು, ಮೈತುಂಬ ಚುಕ್ಕೆ!

“ಉಳೀತ ಬೇ! ಉಳೀತ!”

ನಾನು ಇನ್ನಷ್ಟು ಮುಂದೆ ಬಾಗಿದೆ. ಗಾಳಿ ಬೀಸಿತು. ಓಢಣಿಯ ತುದಿ ಭಟ್ಟಿಯೊಳಗೆ ಹಾರಿತು, ಭಗ್ ಎಂದಿತು. ಓಡಲಿಲ್ಲ, ಕೂಗಲಿಲ್ಲ, ಮೊಬೈಲ್ ಹಿಡಿದೇ ನಿಂತಿದ್ದೆ. ಇಂದಿಗೂ ಅಡುಗೆಮನೆಯಲ್ಲಿ ಗ್ಯಾಸ್ ಹಚ್ಚುವಾಗ ನಾನು ಆ ಭಟ್ಟಿಯ ಮುಂದೆಯೇ ನಿಂತಿರುತ್ತೇನೆ, ಬೆಂಕಿ ಹೆಗಲ ತನಕ ಬಂದಿರುತ್ತದೆ.

ಇಕ್ಕಳ, ಹರವಿ ಎರಡೂ ನೆಲಕ್ಕೆ ಬಿದ್ದ ಸದ್ದಾಯಿತು. ಯಾರೋ ಓಢಣಿಯನ್ನು ಕಿತ್ತೆಸೆದರು. ಮರುಕ್ಷಣ ಒಂದು ಬಕೆಟ್ ತಣ್ಣನೆಯ ಹುಳಿ ಅಂಬಲಿ ನನ್ನ ತಲೆಯ ಮೇಲೆ ಸುರಿಯಿತು.

ಕಣ್ಣು ಬಿಟ್ಟಾಗ ಅತ್ತೆ ನನ್ನ ಹುಬ್ಬು, ಕಿವಿ, ಕುತ್ತಿಗೆ ಒಂದೊಂದಾಗಿ ನೋಡುತ್ತಿದ್ದಳು. ಕಾಲಡಿಯಲ್ಲೇ ಚುಕ್ಕೆಯ ಚೂರುಗಳು. ಅವುಗಳ ಕಡೆ ಒಮ್ಮೆಯೂ ತಿರುಗಲಿಲ್ಲ.

“ಅತ್ತಿ, ನಿನ್ನ ಹರವಿ...”

“ಸುಮ್ಮನಿರ ಬೇ. ಕಣ್ಣ ತಗದ ಸರಿಯಾಗಿ ನೋಡ ಇಲ್ಲೆ.”

ನೋಡಿದೆ. ನನ್ನ ಗದ್ದ ಹಿಡಿದ ಆಕೆಯ ಅಂಗೈ ಕೆಂಪಾಗಿ, ತೊಗಲು ಸುಲಿದಿತ್ತು.

“ಅತ್ತಿ, ನಿನ್ನ ಕೈ!”

ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಏನಿಲ್ಲ ತಗೋ, ಅಂಬಲಿ ಹತ್ತೇತಿ.”