ವಿಕ್‌ಬೋರ್ನ್ ಚರಿತ್ರೆಯಲ್ಲಿ ನನ್ನ ಪಾಲು

ಪರಿಚಯದವರು ಯಾರೂ ಕಂಡಿರದ ಊರೊಂದರಲ್ಲಿ ಒಂದು ವರ್ಷ ಇದ್ದು ಬಂದವನಷ್ಟು ಸುಖಿ ಇನ್ನೊಬ್ಬನಿಲ್ಲ. ಮಂಗಳೂರಿನ ಬಗ್ಗೆ ನಾನು ಒಂದು ಮಾತು ಹೆಚ್ಚು ಆಡಿದರೆ ಸಾಕು, "ಯಾವ ಓಣಿ? ಯಾರ ಮನೆ ಹತ್ತಿರ?" ಎಂದು ಅಡ್ಡಗಟ್ಟುವವರು ಈ ಪೆನಾಂಗ್ ದ್ವೀಪದಲ್ಲೂ ನಾಲ್ಕು ಜನ ಇದ್ದಾರೆ. ಆದರೆ ಇಂಗ್ಲೆಂಡಿನ ವಿಕ್‌ಬೋರ್ನ್ ಎಂಬ ಹಳ್ಳಿಯ ಬಗ್ಗೆ ನಾನು ಹೇಳಿದ್ದೇ ಕೊನೆಯ ಮಾತು. ಮದುವೆಗೆ ಮುಂಚೆ, ಎಂಬತ್ತರ ದಶಕದ ಆರಂಭದಲ್ಲಿ, ಆಗಿನ ಕಂಪನಿಯವರು ನನ್ನನ್ನು ತರಬೇತಿಗೆಂದು ಅಲ್ಲಿನ ಕಾರ್ಖಾನೆಯೊಂದಕ್ಕೆ ಕಳಿಸಿದ್ದರು. ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ಒಂದು ವರ್ಷವನ್ನು ನಾನು ಹದಿನೈದು ವರ್ಷ ಹಿಗ್ಗಿಸಿ ಹಿಗ್ಗಿಸಿ ಹೇಳಿಕೊಂಡು ಬಂದಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಈಗ ನಾನಿರುವುದು ಈ ದ್ವೀಪದ ಬಯಾನ್ ಲೆಪಾಸಿನಲ್ಲಿ. ಕೆಲಸ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ಸಾಲಾಗಿ ಬರುವ ಸರ್ಕ್ಯೂಟ್ ಬೋರ್ಡುಗಳನ್ನು ಭೂತಗನ್ನಡಿಯಡಿ ಹಿಡಿದು, ಕೂದಲೆಳೆಯಷ್ಟು ಐಬು ಕಂಡರೂ ಕೆಂಪು ಚೀಟಿ ಅಂಟಿಸಿ ಆಚೆ ತಳ್ಳುವುದು ನನ್ನ ಉದ್ಯೋಗ. ಇಡೀ ದಿನ ಇಷ್ಟು ಕಟ್ಟುನಿಟ್ಟಾಗಿರುವ ಮನುಷ್ಯನಿಗೆ ಸಂಜೆಯ ಹೊತ್ತು ಸ್ವಲ್ಪ ಸಡಿಲ ಬೇಡವೇ? ಫ್ಲ್ಯಾಟಿನ ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ರೊಟ್ಟಿ ತಿನ್ನುತ್ತಾ ಸ್ನೇಹಿತರಿಗೆ ವಿಕ್‌ಬೋರ್ನ್ ಕಥೆ ಹೇಳುತ್ತಿದ್ದೆ. ಹೊಸ ವರ್ಷದ ದಿನ ಪಾದ್ರಿಗಳು ಬಂದು ಬೇಡಿಕೊಂಡದ್ದಕ್ಕೆ ನಾನು ಚರ್ಚಿನ ದೊಡ್ಡ ಗಂಟೆ ಬಾರಿಸಿದ್ದು, ಪಕ್ಕದ ಊರಿನವರ ಮೇಲಿನ ಕ್ರಿಕೆಟ್ ಪಂದ್ಯದಲ್ಲಿ ನಾನು ಎತ್ತಿದ ಸಿಕ್ಸರ್ ಹೋಗಿ ಮದ್ಯದಂಗಡಿಯ ಕಿಟಕಿ ಒಡೆದದ್ದು, ಹೊಳೆಗೆ ಬಿದ್ದ ಕುದುರೆಯನ್ನು ನಾನು ದಡಕ್ಕೆ ಹತ್ತಿಸಿದ್ದು. ಕುದುರೆಯ ಕಥೆಗೆ ತಮಿಳು ಸ್ನೇಹಿತ ಮುತ್ತು ಪ್ರತಿ ಸಲವೂ ತೇ ತಾರಿಕ್ ಚಹಾ ಆರಿಹೋಗುವವರೆಗೆ ಬಾಯಿ ತೆರೆದು ಕೂರುತ್ತಿದ್ದ.

ಹೀಗಿರುವಾಗ, ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಮಿಸೆಸ್ ಡಾಸನ್ ಅವರ ಕಾಗದ ಬಂತು. ಕ್ರಿಸ್‌ಮಸ್ ಕಾರ್ಡಿನ ಮಟ್ಟಿಗೆ ನಮ್ಮ ಸಂಬಂಧ ಉಳಿದಿತ್ತು. ವಿಕ್‌ಬೋರ್ನಿನವರು ತಮ್ಮ ಊರಿನ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರಂತೆ. ಊರಲ್ಲಿ ಒಂದು ಚಳಿಗಾಲ ಕಳೆದವರೂ ತಮ್ಮ ನೆನಪಿನ ಒಂದು ಪುಟ ಬರೆದು ಕಳಿಸಬಹುದಂತೆ, ಜೂನ್ ಕೊನೆಯೊಳಗೆ. "ನೀವೂ ಬರೆಯಿರಿ, ವಿನ್ಸೆಂಟ್" ಎಂದಿದ್ದರು.

ನಾನು ನಿಂತ ನಿಲುವಿನಲ್ಲೇ ತೀರ್ಮಾನಿಸಿದೆ, ಬರೆದೇ ತೀರುವುದು. ನಮ್ಮ ಜಿಲ್ಲೆಯ ಮಳೆ ಎಷ್ಟು, ಬೆಳೆ ಎಷ್ಟು, ಜಾತಿ ಎಷ್ಟು ಎಂದು ಬ್ರಿಟಿಷರು ದಪ್ಪ ದಪ್ಪ ಪುಸ್ತಕ ಬರೆದು ಹೋದರು. ಅವರ ಹಳ್ಳಿಯ ಚರಿತ್ರೆಯಲ್ಲಿ ನನ್ನದೊಂದು ಪುಟವಾದರೂ ಇರಬೇಡವೇ? ಹೀಗೆಂದು ಹೆಂಡತಿ ಐರಿನ್ ಮುಂದೆ ಘೋಷಿಸಿದೆ. ಅವಳು ಮೈಸೂರಿನಲ್ಲಿ ಬೆಳೆದವಳು. ಹಾಗಾಗಿ ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. "ಬರೀರಿ, ಯಾರು ಬೇಡ ಅಂದ್ರು?" ಎಂದು ಅವಳು ಬೀನ್ಸ್ ಸೋಸುತ್ತಾ ಹೇಳಿದಳು.

ಎರಡು ಶನಿವಾರ, ಎರಡು ಭಾನುವಾರ ಕೂತು ಹನ್ನೆರಡು ಪುಟ ಬರೆದೆ. ಗಂಟೆ ಮೊಳಗಿತು, ಕಿಟಕಿ ಒಡೆಯಿತು, ಕುದುರೆ ದಡ ಸೇರಿತು. ಟೈಪ್ ಮಾಡಲು ಮಗಳು ಶೆರಿನ್‌ಗೆ ಕೊಟ್ಟೆ. ಹದಿಮೂರು ವರ್ಷದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಕೊನೆಗೆ ಇಲ್ಲಿಯವರ 'ಲಾ' ಅಂಟಿಸಿದ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ತೀರಾ ಕೋಪ ಬಂದರೆ ಮಾತ್ರ ಕನ್ನಡ. ಎರಡನೇ ಪುಟಕ್ಕೇ ಕೈ ನಿಲ್ಲಿಸಿ, "ಪಪ್ಪಾ, ಇದನ್ನ ಓದೋದು ಯಾರು?" ಎಂದು ಕನ್ನಡದಲ್ಲೇ ಕೇಳಿದಳು.

"ವಿಕ್‌ಬೋರ್ನ್ ಜನ."

"ದೆ ವರ್ ದೇರ್, ಲಾ."

ಹದಿನೈದು ವರ್ಷದಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ. ಗಂಟೆ ಬಾರಿಸುವವನು ಓದುತ್ತಾನೆ. ಮದ್ಯದಂಗಡಿಯವನು ಓದಿ ತನ್ನ ಕಿಟಕಿಯ ಕಡೆ ತಿರುಗಿ ನೋಡುತ್ತಾನೆ. ಕುದುರೆ ಈಗ ಇರಲಾರದು, ಅದರ ಮಾಲೀಕನಂತೂ ಇದ್ದಾನೆ. ಬಿಟ್ಟುಬಿಡೋಣ ಎನ್ನಿಸಿತು. ಆದರೆ ಬರೆದೇ ತೀರುತ್ತೇನೆ ಎಂದು ಮಾಮಕ್ ಅಂಗಡಿಯಲ್ಲಿ ಸಾರಿಯಾಗಿತ್ತು. ಅಲ್ಲದೆ ಹೆಂಡತಿ ಮಕ್ಕಳ ಮುಂದೆ ಹಿಡಿದ ಹಟವನ್ನು ಬಿಟ್ಟರೆ ಅದನ್ನು ಅವರು ಎಷ್ಟು ವರ್ಷ ನೆನಪಿಡುತ್ತಾರೆಂಬುದು ನನಗೆ ಗೊತ್ತು. ಸರಿ, ನಿಜವಾದದ್ದನ್ನು ಮಾತ್ರ ಇಟ್ಟುಕೊಂಡು ಬರೆಯೋಣ ಎಂದು ಪಣತೊಟ್ಟೆ. ತಪಾಸಣೆಗೆ ಶೆರಿನ್ ಕೂತಳು. ನನ್ನ ಆಫೀಸು ಚೀಲದಿಂದಲೇ ಕೆಂಪು ಚೀಟಿಗಳ ಹಾಳೆ ತೆಗೆದುಕೊಂಡಿದ್ದಳು.

"ಗಂಟೆ?" ಎಂದಳು. ಪಾದ್ರಿಗಳು ಹಗ್ಗ ತೋರಿಸಿದ್ದರು, ನಾನು ಮುಟ್ಟಿದ್ದೆ. ಕೆಂಪು ಚೀಟಿ. "ಸಿಕ್ಸರ್?" ಆಟಗಾರರಿಗೆ ಸ್ಯಾಂಡ್‌ವಿಚ್ ತಟ್ಟೆ ಒಯ್ದುಕೊಟ್ಟವನು ನಾನೇ. ಒಂದು ತಟ್ಟೆ ಬಿದ್ದದ್ದೂ ನಿಜ. ಕೆಂಪು ಚೀಟಿ. "ಕುದುರೆ?" ಬೇಲಿಯಾಚೆಯಿಂದ ಒಂದು ಕುದುರೆ ಬಹಳ ಹೊತ್ತು ನನ್ನನ್ನೇ ನೋಡುತ್ತಿತ್ತು. ಶೆರಿನ್ ಎರಡು ಚೀಟಿ ಅಂಟಿಸಿದಳು. ಹನ್ನೆರಡು ಪುಟದಲ್ಲಿ ಪಾಸಾದದ್ದು ಚಳಿ ಬಹಳ ಇತ್ತು ಎಂಬ ಒಂದು ವಾಕ್ಯ. ಅದನ್ನು ಕಳಿಸಿದರೆ ಇಂಗ್ಲೆಂಡಿನವರಿಗೆ ಹೊಸ ವಿಷಯವೇನೂ ಆಗುತ್ತಿರಲಿಲ್ಲ.

"ರೀ, ಒಂದು ವರ್ಷ ಇದ್ರಲ್ಲ, ನಿಜವಾಗಿ ಏನೂ ಆಗ್ಲೇ ಇಲ್ವಾ?" ಎಂದು ಐರಿನ್ ಕೇಳಿದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಆಗಿತ್ತು, ಒಂದು ಸಂಗತಿ ಆಗಿತ್ತು. ಆದರೆ ಅದರಲ್ಲಿ ನಾನು ಕಳ್ಳನಾಗಿ ಸಿಕ್ಕಿಬಿದ್ದಿದ್ದೆ. ಅದಕ್ಕೇ ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿದೆ.

ಸೆಪ್ಟೆಂಬರ್ ಎಂಟು ನಮ್ಮ ಮಂಗಳೂರಿನ ಕಥೋಲಿಕರಿಗೆ ಮೊಂತಿ ಹಬ್ಬ, ತೆನೆ ಹಬ್ಬ. ಮಕ್ಕಳು ಹೂ ಹಿಡಿದು ಮಾತೆ ಮರಿಯಳಿಗೆ ಅರ್ಪಿಸುತ್ತಾರೆ, ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಮಂತ್ರಿಸಿ ಕೊಡುತ್ತಾರೆ. ಮನೆಗೆ ತಂದು, ಕಾಳು ಸುಲಿದು ಕುಟ್ಟಿ, ತೆಂಗಿನ ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಡಿಯಬೇಕು. ದೂರದಲ್ಲಿರುವವರಿಗೆ ನಾಲ್ಕು ಕಾಳನ್ನು ಕವರಿನಲ್ಲಿಟ್ಟು ಅಂಚೆಯಲ್ಲಿ ಕಳಿಸುತ್ತಾರೆ. ಆ ವರ್ಷ ಅಮ್ಮ ಹಿಂದಿನ ಹಬ್ಬದ ಕಾಳನ್ನೇ ಮುಂಚಿತವಾಗಿ ಕಳಿಸುತ್ತೇನೆ ಎಂದು ಬರೆದಿದ್ದರು. ಏಳನೇ ತಾರೀಖಾದರೂ ಕವರು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಹೊಸ ತೆನೆ ತಪ್ಪಿದ ವರ್ಷವಿಲ್ಲ. ಈ ಚಳಿ ಊರಿನಲ್ಲೂ ತಪ್ಪಿಸಲಾರೆ ಎಂದು ಹಟ ಬಂತು. ಭತ್ತವಿಲ್ಲದಿದ್ದರೆ ಗೋಧಿ ಇದೆಯಲ್ಲ! ಎಂಟರ ಬೆಳಿಗ್ಗೆ ಮಿಸೆಸ್ ಡಾಸನ್ ಅವರ ಅಡುಗೆಮನೆ ಕತ್ತರಿ ಹಿಡಿದು ಹೋಗಿ, ಊರಂಚಿನ ಹೊಲದಲ್ಲಿ ಕೊಯ್ಲಿಗೆ ಉಳಿದಿದ್ದ ಒಂದು ಸಾಲಿನಿಂದ ತೆನೆ ಕತ್ತರಿಸತೊಡಗಿದೆ. ಯಾರನ್ನೂ ಕೇಳಲಿಲ್ಲ. ನಮ್ಮೂರಲ್ಲಿ ಆ ದಿನ ಚರ್ಚಿಗೆ ತೆನೆ ಬೇಕೆಂದರೆ ಯಾರ ಗದ್ದೆಯಾದರೂ ಆದೀತು, ಕೇಳುವ ಪದ್ಧತಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಹೊಲಕ್ಕೆ ಒಬ್ಬ ಮಾಲೀಕ ಇರುತ್ತಾನೆ, ಅವನ ಹೆಸರು ಟಕ್ಕರ್, ಅವನಿಗೊಂದು ನಾಯಿ ಇರುತ್ತದೆ ಎಂಬುದು ಐದೇ ನಿಮಿಷದಲ್ಲಿ ತಿಳಿಯಿತು.

ನಾಯಿ ನನ್ನ ಪ್ಯಾಂಟಿನ ತುದಿ ಹಿಡಿದಿರುವಾಗಲೇ ನಾನು ಮೊಂತಿ ಹಬ್ಬದ ಮಹಿಮೆಯನ್ನು ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ಟಕ್ಕರ್ ಪೂರ್ತಿ ಕೇಳಿದ. ನಾಯಿಯನ್ನು ಹಿಂದಕ್ಕೆ ಕರೆದು, "ಹಾಗಿದ್ದರೆ ಇಷ್ಟು ಸಾಲದು" ಎಂದು ತಾನೇ ತೋಳು ತುಂಬ ತೆನೆ ಕೊಯ್ದುಕೊಟ್ಟ. ದಾರಿಯಲ್ಲಿ ಗೋಲಿ ಆಡುತ್ತಿದ್ದ ಮೂವರು ಮಕ್ಕಳು ಹಿಂದೆ ಬಿದ್ದರು. ಮಕ್ಕಳಿಲ್ಲದೆ ಈ ಹಬ್ಬವಿಲ್ಲವಾದ್ದರಿಂದ ಅವರಿಗೂ ಒಂದೊಂದು ತೆನೆ ಕೊಟ್ಟು, ಬೇಲಿಯ ಹೂ ಕೊಟ್ಟು, ಸಾಲಾಗಿ ನಡೆಸಿಕೊಂಡು ಹೋದೆ. ನಮ್ಮ ಪಂಥದ ಚರ್ಚು ಹನ್ನೆರಡು ಮೈಲಿ ದೂರ. ಹೀಗಾಗಿ ಊರಿನವರ ಪ್ರೊಟೆಸ್ಟೆಂಟ್ ಚರ್ಚಿಗೇ ಹೋದೆ. ಇದು ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಪಾದ್ರಿಗಳು ಗಲಿಬಿಲಿಗೊಂಡರೂ ಒಂದು ಪ್ರಾರ್ಥನೆ ಹೇಳಿದರು. ಮಿಸೆಸ್ ಡಾಸನ್ ಗೋಧಿ ಕುಟ್ಟಿ ಬಿಸಿ ಹಾಲಿಗೆ ಹಾಕಿದರು. ಅವರು, ನಾನು, ಜೊತೆಗೆ ಬಂದಿದ್ದ ಟಕ್ಕರ್, ಮೂವರು ಮಕ್ಕಳು ಅಡುಗೆಮನೆಯಲ್ಲಿ ನಿಂತೇ ಕುಡಿದೆವು. ನನಗೆ ಅಳು ಬಂತು. ಹಾಲು ಬಿಸಿ ಎಂದೆ.

ಇಷ್ಟು ಹೇಳಿ ಮುಗಿಸಿದೆ. "ಇದನ್ನ ಯಾಕೆ ಯಾವತ್ತೂ ಹೇಳ್ಲಿಲ್ಲ?" ಎಂದು ಶೆರಿನ್ ಕೇಳಿದಳು, ಕೋಪವಿಲ್ಲದಿದ್ದರೂ ಕನ್ನಡದಲ್ಲಿ. ಅವಳೇ ಟೈಪ್ ಮಾಡಿ ಮುಗಿಸಿದಳು. ಸರಿಯಾಗಿ ಒಂದು ಪುಟವಾಯಿತು. ನನ್ನ ಬಾಳಿನಲ್ಲಿ ಒಂದು ಐಬೂ ಇಲ್ಲದ ಸರಕನ್ನು ಹೊರಗೆ ಕಳಿಸುತ್ತಿದ್ದೇನೆ ಎಂಬ ಹೆಮ್ಮೆಯಿಂದ ಅಂಚೆಗೆ ಹಾಕಿದೆ.

ಆಗಸ್ಟಿನಲ್ಲಿ ಉತ್ತರ ಬಂತು. ಸಂಪಾದಕರು ನಿವೃತ್ತ ಹೆಡ್‌ಮಾಸ್ಟರು, ಕಾಗದದ ತುಂಬ ವಿನಯ. ನನ್ನ ಪುಟ ಸಮಿತಿಯವರೆಲ್ಲರಿಗೂ ಬಹಳ ಮೆಚ್ಚುಗೆಯಾಯಿತಂತೆ. ಆದರೆ ಒಂದು ಸಣ್ಣ ತೊಡಕು. ಊರಿನ ಪುರಾತನ ಪದ್ಧತಿಗಳ ಅಧ್ಯಾಯ ಆಗಲೇ ಸಿದ್ಧವಾಗಿದೆ. ಅದರಲ್ಲಿ ಮುಖ್ಯವಾದದ್ದು 'ತೆನೆ ನಡಿಗೆ'. ಪ್ರತಿ ವರ್ಷ ಸೆಪ್ಟೆಂಬರ್ ಎಂಟರಂದು ಊರಿನ ಮಕ್ಕಳು ಟಕ್ಕರ್ ಮನೆತನದ ಹೊಲದಂಚಿನ ತೆನೆ ಕತ್ತರಿಸಿ, ಹೂ ಹಿಡಿದು ಸಾಲಾಗಿ ಚರ್ಚಿಗೆ ಹೋಗುತ್ತಾರೆ. ಆಮೇಲೆ ಎಲ್ಲರೂ ನಿಂತುಕೊಂಡೇ ಗೋಧಿ ಹಾಲು ಕುಡಿಯುತ್ತಾರೆ. ಇದು ಮುತ್ತಜ್ಜನ ಕಾಲದಿಂದ ಇದೆ ಎಂದು ಹಿರಿಯರು ಹೇಳುತ್ತಾರೆ; ಚರ್ಚಿಗಿಂತಲೂ ಹಳೆಯದಿರಬಹುದು ಎಂದು ವಿದ್ವಾಂಸರೊಬ್ಬರ ಊಹೆ. ನಿಂತು ಕುಡಿಯುವುದರ ಅರ್ಥ ಮಾತ್ರ ಇನ್ನೂ ಸಂಶೋಧನೆಯಲ್ಲಿದೆ. ಆದ್ದರಿಂದ ತಾವು ಆ ವರ್ಷ ನೋಡಿದ್ದು ಈ ಪದ್ಧತಿಯನ್ನೇ ಇರಬೇಕು, ಇಷ್ಟು ವರ್ಷದ ಮೇಲೆ ನೆನಪು ಕಲಸಿಹೋಗುವುದು ಸಹಜ. ಹೊರಗಿನವರಾಗಿ ಇದನ್ನು ಕಣ್ಣಾರೆ ಕಂಡೆ ಎಂದು ತಾವು ಎರಡು ಸಾಲು ಬರೆದುಕೊಟ್ಟರೆ ಉಪಕಾರವಾಗುತ್ತದೆ.

ನಾನು ಕೆಂಡವಾದೆ. ಅಡುಗೆಮನೆಯಲ್ಲಿ ಕುರ್ಚಿ ಇದ್ದದ್ದು ಎರಡೇ, ಅದಕ್ಕೇ ನಿಂತು ಕುಡಿದದ್ದು! ಹದಿನೈದು ವರ್ಷ ಸುಳ್ಳು ಹೇಳಿದಾಗ ಜನ ಬಾಯಿ ತೆರೆದು ನಂಬಿದರು. ಮೊದಲ ಸಲ ನಿಜ ಹೇಳಿದರೆ ನೆನಪು ಕಲಸಿಹೋಗಿದೆ ಎನ್ನುತ್ತಾರೆ. ಬಿಡುವುದಿಲ್ಲ ಎಂದು ತೊಡೆ ತಟ್ಟಿದೆ. ಮೊಂತಿ ಹಬ್ಬದ ಬಗ್ಗೆ ನಮ್ಮ ಪಾದ್ರಿಗಳಿಂದ ಪತ್ರ, ಮಂಗಳೂರಿನಿಂದ ಫೋಟೊ, ಆ ಕತ್ತರಿಯ ವರ್ಣನೆ, ಬೇಕಾದರೆ ನಾಯಿ ಹರಿದ ಪ್ಯಾಂಟಿನ ವಿವರ. ಶೆರಿನ್ ಕೂಡ ನನ್ನ ಕಡೆಯೇ. "ಫೈಟ್, ಪಪ್ಪಾ! ಇಟ್ ಈಸ್ ಯುವರ್ಸ್" ಎಂದಳು. ನಾಲ್ಕು ಪುಟದ ಖಾರವಾದ ಉತ್ತರ ಸಿದ್ಧವಾಯಿತು.

ಅದನ್ನು ಅಂಚೆಗೆ ಹಾಕುವ ಮುನ್ನ ಮಿಸೆಸ್ ಡಾಸನ್ ಅವರ ಇನ್ನೊಂದು ಕಾಗದ ಬಂತು, ನಡುಗುವ ಅಕ್ಷರದಲ್ಲಿ. ಅವರಿಗೆ ಎಲ್ಲವೂ ನೆನಪಿದೆಯಂತೆ. ನಾನು ಊರು ಬಿಟ್ಟ ಮೇಲೆ, ಮುಂದಿನ ಸೆಪ್ಟೆಂಬರಿನಲ್ಲಿ ಆ ಮೂವರು ಮಕ್ಕಳು ಬಂದು ಬಾಗಿಲು ತಟ್ಟಿ, "ಈ ಸಲ ಯಾವಾಗ?" ಎಂದು ಕೇಳಿದರಂತೆ. ಇಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ವರ್ಷ ವರ್ಷ ಮಕ್ಕಳು ಹೆಚ್ಚಾದರು. ಟಕ್ಕರ್ ಮೊದಲು ತಮಾಷೆಗೆ ಇದು ನನ್ನ ಅಜ್ಜನ ಕಾಲದ್ದು ಎನ್ನುತ್ತಿದ್ದ, ಆಮೇಲಾಮೇಲೆ ತಾನೇ ನಂಬಿಬಿಟ್ಟ. ಹೋದ ಚಳಿಗಾಲದಲ್ಲಿ ತೀರಿಕೊಂಡನಂತೆ. ಎಂಟನೇ ತಾರೀಖಿನವರೆಗೆ ಹೊಲದಂಚಿನ ಒಂದು ಸಾಲನ್ನು ಕೊಯ್ಯಬೇಡ, ಅದು ಮಕ್ಕಳದು ಎಂದು ಮಗನಿಗೆ ಹೇಳಿ ಹೋದನಂತೆ. "ನೀವು ಏನು ಬರೆದರೂ ನಾನು ನಿಮ್ಮ ಪರ ಸಾಕ್ಷಿ ಹೇಳುತ್ತೇನೆ" ಎಂದು ಕೊನೆಗೆ ಬರೆದಿದ್ದರು.

ಒಂದು ವಾರ ಆ ನಾಲ್ಕು ಪುಟ ಟಿವಿಯ ಮೇಲೆಯೇ ಇತ್ತು. ನನ್ನ ಹೆಸರು ಚರಿತ್ರೆಯಲ್ಲಿ ಬರಬೇಕೆಂಬ ಆಸೆ ಇನ್ನೂ ಇತ್ತು, ಇಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಆದರೆ ತಮ್ಮ ಅಜ್ಜಂದಿರ ಹಬ್ಬವೆಂದು ತೆನೆ ಹಿಡಿದು ನಡೆಯುವ ಮಕ್ಕಳ ಕೈಯಿಂದ ಅದನ್ನು ಕಿತ್ತುಕೊಂಡು, 'ಇದು ಪೆನಾಂಗಿನ ವಿನ್ಸೆಂಟ್ ಮಹಾಶಯರದು' ಎಂದು ಚೀಟಿ ಅಂಟಿಸುವುದನ್ನು ನೆನೆದರೆ ಮನಸ್ಸು ಒಪ್ಪಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು, ನಾಲ್ಕು ಪುಟ ಹರಿದು, ಎರಡೇ ಸಾಲು ಬರೆದೆ: ಆ ವರ್ಷದ ಸೆಪ್ಟೆಂಬರಿನಲ್ಲಿ ನಾನು ವಿಕ್‌ಬೋರ್ನಿನಲ್ಲಿದ್ದೆ, ತೆನೆ ನಡಿಗೆಯನ್ನು ಕಣ್ಣಾರೆ ನೋಡಿದ್ದೇನೆ, ಅದು ಬಹಳ ಹಳೆಯ ಪದ್ಧತಿಯೆಂದು ನನಗೆ ಆಗಲೇ ತೋರಿತ್ತು.

ಶೆರಿನ್ ಓದಿದಳು. "ಪಪ್ಪಾ, ದಿಸ್ ಈಸ್ ನಾಟ್ ಟ್ರೂ."

"ಅಲ್ಲ."

ಅವಳು ಕಾಗದವನ್ನು ಇನ್ನೊಮ್ಮೆ ಓದಿ, ಮಡಿಸಿ, ಕವರಿನೊಳಗಿಟ್ಟು ತಾನೇ ಎಂಜಲು ಹಚ್ಚಿ ಅಂಟಿಸಿದಳು.

ಪುಸ್ತಕ ಬಂದದ್ದು ಮರುವರ್ಷ. ನನ್ನ ಪುಟ ಅದರಲ್ಲಿಲ್ಲ. ಪುರಾತನ ಪದ್ಧತಿಗಳ ಅಧ್ಯಾಯದಲ್ಲಿ ಒಂದು ಪುಟದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಇದೆ: 'ಈ ಪುರಾತನ ಪದ್ಧತಿಯನ್ನು ಪ್ರತ್ಯಕ್ಷ ಕಂಡದ್ದಾಗಿ ಅತ್ಯಂತ ವಿಶ್ವಾಸಾರ್ಹ ಸಾಕ್ಷಿಯಾದ ಶ್ರೀ ವಿನ್ಸೆಂಟ್ ದೃಢಪಡಿಸಿದ್ದಾರೆ.' ನನ್ನ ಭೂತಗನ್ನಡಿ ಹಿಡಿದು ಐರಿನ್ ಅದನ್ನು ಎರಡು ಸಲ ಓದಿದಳು. "ಅತ್ಯಂತ" ಎಂಬಲ್ಲಿಗೆ ನಗು ತಡೆಯಲಾರದೆ ಗೋಡೆ ಹಿಡಿದು ನಿಂತಳು. ನಗಲಿ. ಜಗತ್ತಿನಲ್ಲಿ ನನ್ನನ್ನು ನಂಬಬಹುದೆಂದು ಅಚ್ಚಿನಲ್ಲಿ ಬರೆದಿರುವುದು ಅದೊಂದೇ ಸಾಲು, ಮತ್ತು ಆ ಪುಸ್ತಕದಲ್ಲಿ ನನ್ನದೇ ಸುಳ್ಳೆಂದು ನಾನು ಆಣೆ ಮಾಡಿ ಹೇಳಬಲ್ಲ ಸಾಲೂ ಅದೊಂದೇ.