ಜಿಂಕೆಗಳ ಗಮನಕ್ಕೆ

"ಈ ಚಳಿಗಾಲ ಮುಗಿಯುವುದರೊಳಗೆ ನಮ್ಮ ಹಿತ್ತಿಲಿನ ಒಂದು ಎಲೆ, ಒಂದೇ ಒಂದು ಎಲೆ ಜಿಂಕೆಯ ಬಾಯಿಗೆ ಬಿದ್ದರೆ ನನ್ನ ಹೆಸರು ಬದಲಾಯಿಸಿಬಿಡು!" ಎಂದು ನಾನು ಘೋಷಿಸಿದೆ. ಘೋಷಿಸುವುದು ನನಗೇನು ಹೊಸದಲ್ಲ. ಇಪ್ಪತ್ತೆರಡು ವರ್ಷಗಳಿಂದ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿರುವವನು ನಾನು. ನಾನು ಒಮ್ಮೆ ಬಾಯಿ ತೆರೆದರೆ ಸಾವಿರ ಜನ ಪೆಟ್ಟಿಗೆ, ಮಕ್ಕಳು, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ಎರಡನೇ ಪ್ಲಾಟ್‌ಫಾರಂನಿಂದ ಐದನೆಯದಕ್ಕೆ ಓಡುತ್ತಾರೆ. ಇನ್ನೊಮ್ಮೆ ತೆರೆದರೆ ಅಷ್ಟೂ ಜನ ನನ್ನನ್ನು ಶಪಿಸುತ್ತ ಐದನೆಯದರಿಂದ ಎರಡನೆಯದಕ್ಕೇ ವಾಪಸು ಓಡುತ್ತಾರೆ. ಇಂಥ ಅಧಿಕಾರ ಎಷ್ಟು ಜನರಿಗಿದೆ ಹೇಳಿ?

ಹೆಂಡತಿ ಸೊಪ್ಪು ಸೋಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಹೆಸರು ಬದಲಾಯಿಸೋದೆಲ್ಲ ಬೇಡ ರೀ, ಬ್ಯಾಂಕು, ಆಫೀಸು ಅಂತ ಓಡಾಡ್ಬೇಕಾಗುತ್ತೆ. ಸುಮ್ಮನೆ ಒಂದು ಬಲೆ ತಂದು ಪಾತಿ ಸುತ್ತ ಕಟ್ಟಿ."

"ಬಲೆ! ಬಲೆ ಕಟ್ಟೋದು ಬಾಯಿಲ್ಲದವರು ಕಣೇ. ನನಗೆ ಬಾಯಿದೆ."

"ಅದು ಗೊತ್ತಿರೋ ವಿಷಯಾನೇ" ಎಂದು ಅವಳು ಸೊಪ್ಪಿನ ಕಡ್ಡಿಗಳನ್ನು ಬುಟ್ಟಿಗೆ ಎಸೆದಳು.

ಹಿತ್ತಿಲಿಗೆ ಇಷ್ಟು ಮಹತ್ವ ಬಂದದ್ದು ನನ್ನ ಅತ್ತೆಯಿಂದ. ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇರುವವರು. ಚಳಿ ಶುರುವಾಗುವ ಮುಂಚೆ ತಾವೇ ಕೂತು ಎರಡು ಸಾಲು ಬಟಾಣಿ ಬಿತ್ತಿ, ಹಬ್ಬುವುದಕ್ಕೆ ಕಡ್ಡಿ ಊರಿ, ಕೈ ತೊಳೆಯಲು ಬಂದವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅಲ್ಲಿಂದಾಚೆಗೆ ಆಸ್ಪತ್ರೆಯಲ್ಲಿ ಅವರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ದಿನಕ್ಕೆ ನಾಲ್ಕು ಚಮಚ ಗಂಜಿ, ಐದನೆಯದಕ್ಕೆ ಮುಖ ಗೋಡೆ ಕಡೆಗೆ. ನನ್ನನ್ನು ಬೈಯುವುದನ್ನೂ ನಿಲ್ಲಿಸಿದ್ದರು ಎಂದರೆ ಎಷ್ಟು ಸೊರಗಿದ್ದರು ಎಂದು ನೀವೇ ಊಹಿಸಿ. "ತೂಕ ಹೀಗೇ ಇಳಿದ್ರೆ ಇವರು ಎದ್ದು ನಡೆಯೋದು ಕಷ್ಟ. ಬಾಯಿಗೆ ಏನು ರುಚಿಸುತ್ತೋ ಅದನ್ನ ಕೊಡಿ" ಎಂದರು ಡಾಕ್ಟರು. ಅತ್ತೆ ಕಣ್ಣು ಬಿಟ್ಟು ಹೇಳಿದ್ದು ಒಂದೇ ಮಾತು: "ಹಿತ್ತಲಲ್ಲಿ ನನ್ನ ಬಟಾಣಿ ಬಿಡಲಿ. ಎಳೇದು. ಅದಾದ್ರೆ ತಿಂತೀನಿ."

ಅವರು ಮನೆಗೆ ಬರುವುದಕ್ಕೆ ಎರಡು ವಾರ ಇತ್ತು. ಬಳ್ಳಿ ಹೂವಾಗಿ, ಅಲ್ಲೊಂದು ಇಲ್ಲೊಂದು ಕಾಯಿ ಇಣುಕುತ್ತಿತ್ತು. ಸರಿಯಾಗಿ ಆಗಲೇ ಜಿಂಕೆಗಳು ಇಳಿದವು.

ನಮ್ಮ ಮನೆಗಳ ಸಾಲಿನ ಹಿಂದೆ ಒಂದು ಕುರುಚಲು ಗುಡ್ಡವಿದೆ. ಚಳಿಗೆ ಅಲ್ಲಿನ ಹುಲ್ಲು ಒಣಗಿತೋ, ಈ ನಾಲ್ಕು ಜಿಂಕೆಗಳು ಸಂಸಾರ ಸಮೇತ ನಮ್ಮ ಹಿತ್ತಿಲುಗಳಿಗೆ ದಯಮಾಡಿಸುತ್ತವೆ. ಜಿಂಕೆಯ ಕಣ್ಣು, ಜಿಂಕೆಯ ನಡಿಗೆ ಎಂದು ಹಾಡಿ ಹೊಗಳಿದವರೆಲ್ಲ ತರಕಾರಿಯನ್ನು ಅಂಗಡಿಯಿಂದ ತರುತ್ತಿದ್ದರೆಂದು ಕಾಣುತ್ತದೆ. ಒಬ್ಬರಾದರೂ ಅದರ ಹಲ್ಲು ನೋಡಿದ್ದಾರೆಯೇ? ಎಲೆಕೋಸಿನ ನಡುಭಾಗವನ್ನು ಮಾತ್ರ ತಿಂದು, ಸುತ್ತಲಿನ ಎಲೆಗಳನ್ನು ಬಟ್ಟಲಿನ ಹಾಗೆ ನಿಮಗೆ ಬಿಟ್ಟುಹೋಗುತ್ತದೆ ಆ ಮುಗ್ಧ ಪ್ರಾಣಿ!

ಅದನ್ನು ಓಡಿಸಲು ನೆರೆಹೊರೆಯವರು ಮಾಡುತ್ತಿದ್ದ ಉಪಾಯಗಳನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಬೇಲಿಯ ತುಂಬ ಘಮಘಮ ಸೋಪು ತೂಗುಹಾಕಿದ್ದರು. ಜಿಂಕೆಗಳು ಅವರ ಮೂಲಂಗಿ ತಿಂದು, ಸೋಪಿಗೆ ಮೈ ಉಜ್ಜಿಕೊಂಡು ಹೋದವು. ಎದುರು ಮನೆಯ ದರ್ಜಿ ತನ್ನದೇ ಹಳೆಯ ಕೋಟು ತೊಡಿಸಿ ಬೆದರುಬೊಂಬೆ ನಿಲ್ಲಿಸಿದ. ಅದರ ಹೊಲಿಗೆ ನೋಡಿ ಗಿರಾಕಿಗಳೇ ಬೆದರಿದರು. ನಮ್ಮ ಮನೆಯ ಉಪಾಯವಂತೂ ಎಲ್ಲಕ್ಕಿಂತ ಹೀನ: ಅತ್ತೆ ಅನ್ನ ಹಾಕಿ ಸಾಕಿದ್ದ ಒಂದು ಕುಂಟು ಬೀದಿನಾಯಿ. ಬಟಾಣಿ ಪಾತಿಯ ಪಕ್ಕ ಗೋಣಿಚೀಲದ ಮೇಲೆ ಬಿದ್ದುಕೊಂಡು, ಎಲೆ ಅಲ್ಲಾಡಿದರೂ ಬೊಗಳುತ್ತಿತ್ತು. ಹೆಂಡತಿ ಅದಕ್ಕೆ 'ಸುಬೇದಾರ' ಎಂದು ಹೆಸರಿಟ್ಟಿದ್ದಳು. ಮೂರೂವರೆ ಕಾಲಿನ ಸುಬೇದಾರ!

ನಾನು ನಮ್ಮ ಹಳೆಯ ಫೋನಿಗೆ ಒಂದು ಧ್ವನಿವರ್ಧಕ ಜೋಡಿಸಿ ಹಿತ್ತಿಲ ಗೋಡೆಗೆ ತೂಗುಹಾಕಿದೆ. ಜಿಂಕೆಗಳು ಬರುವ ಎರಡು ಹೊತ್ತು, ಅಂದರೆ ಬೆಳಿಗ್ಗೆ ಆರೂವರೆ ಮತ್ತು ಸಂಜೆ ಐದೂವರೆಗೆ, ತಾನಾಗಿಯೇ ಕೂಗುವಂತೆ ಅಲಾರಂ ಇಟ್ಟೆ. ಕೂಗಬೇಕಾದ ಧ್ವನಿ ಯಾರದು? ಕೇಳಬೇಕೇ! ಒಳ್ಳೆ ಗುಂಯ್‌ಗುಡುತ್ತದೆಂದು ಬಚ್ಚಲುಮನೆಯಲ್ಲಿ ನಿಂತು ರೆಕಾರ್ಡು ಮಾಡಿದೆ.

ಹೆಂಡತಿ ಬಾಗಿಲು ಬಡಿದಳು. "ಯಾರ ಜೊತೆ ರೀ ಮಾತಾಡ್ತಾ ಇದೀರಿ ಒಳಗೆ?"

"ಜಿಂಕೆಗಳ ಜೊತೆ!"

"ಬೇಗ ಮುಗಿಸಿ, ಬಟ್ಟೆ ನೆನೆಹಾಕ್ಬೇಕು" ಎಂದಳು.

ರೆಕಾರ್ಡು ಹೀಗಿತ್ತು: ಮೊದಲು ನಿಲ್ದಾಣದ ಟಿಂಗ್-ಟಾಂಗ್-ಟಿಂಗ್. ಬಳಿಕ ನನ್ನ ಕಂಚಿನ ಕಂಠ: "ಜಿಂಕೆಗಳ ಗಮನಕ್ಕೆ. ಈ ಹಿತ್ತಿಲಿನೊಳಗೆ ಪ್ರವೇಶವನ್ನು ನಿಷೇಧಿಸಲಾಗಿದೆ. ದಯವಿಟ್ಟು ಬೇಲಿಯಿಂದ ದೂರ ನಿಲ್ಲಿ. ತಮ್ಮ ಸಹಕಾರಕ್ಕೆ ಧನ್ಯವಾದಗಳು."

"ಬೈಯೋಕೆ ಹೋಗಿ ಧನ್ಯವಾದ ಹೇಳಿದೀರಲ್ಲ ರೀ!"

ನಾನೇನು ಮಾಡಲಿ? ಏಳು ಸಲ ಬೈಯಲು ಪ್ರಯತ್ನಪಟ್ಟಿದ್ದೆ. ಮೈಕು ಎದುರಿಗಿದ್ದರೆ ನನ್ನ ನಾಲಿಗೆ ಬೇರೆ ಕಡೆ ಹೊರಳುವುದೇ ಇಲ್ಲ. "ಗಾಂಭೀರ್ಯ ಮುಖ್ಯ, ಬೈಗುಳ ಅಲ್ಲ. ನಿನಗೆ ಅರ್ಥ ಆಗಲ್ಲ ಬಿಡು" ಎಂದು ಒಳಗೆ ಹೋದೆ.

ಮೊದಲ ದಿನದ ವಿಜಯವನ್ನು ಏನೆಂದು ಬಣ್ಣಿಸಲಿ! ಟಿಂಗ್-ಟಾಂಗ್ ಎಂದದ್ದೇ ತಡ, ಜಿಂಕೆಗಳು ಎದ್ದೆನೋ ಬಿದ್ದೆನೋ ಎಂದು ಗುಡ್ಡ ಹತ್ತಿದವು. ಸುಬೇದಾರನೂ ಬಾಲ ಮುದುರಿಕೊಂಡು ಹೆಡ್‌ಮಾಸ್ಟರ ಕಾಂಪೌಂಡು ಹಾರಿದ. ಕುಂಟು ಕಾಲಿಗೆ ಅಷ್ಟು ಎತ್ತರ ಹಾರಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಆ ದಿನ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

"ರೀ, ನಾಯಿ ಹೋಯ್ತಲ್ಲ" ಎಂದಳು ಹೆಂಡತಿ.

"ಹೋಗ್ಲಿ ಬಿಡೇ. ನಾನಿರುವಾಗ ಅದಕ್ಕೇನು ಕೆಲಸ?"

ಎರಡನೇ ದಿನ ಜಿಂಕೆಗಳು ಗುಡ್ಡದ ಮೇಲೆ ನಿಂತು ನನ್ನ ಧ್ವನಿಯನ್ನು ಕೇಳಿದವು. ಮೂರನೇ ದಿನ ಗುಡ್ಡದ ಬುಡದಲ್ಲಿ ನಿಂತು ಕೇಳಿದವು. ಐದನೇ ದಿನ ಒಂದು ಸಾಲಿನ ತುದಿ ಬೋಳಾಗಿತ್ತು. ಸದ್ದು ಸಾಲದು ಎಂದುಕೊಂಡು ಧ್ವನಿವರ್ಧಕವನ್ನು ಕೊನೆಯವರೆಗೆ ತಿರುಗಿಸಿದೆ. ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರು ಮಫ್ಲರ್ ಸುತ್ತಿಕೊಂಡು ಬೇಲಿಯ ಹತ್ತಿರ ಬಂದರು.

"ಸ್ವಾಮಿ, ನಿಮ್ಮ ಕಂಠ ಕೇಳಿದ ತಕ್ಷಣ ಎದ್ದು ಚಪ್ಪಲಿ ಮೆಟ್ಕೊಂಡು ಸೂಟ್‌ಕೇಸ್ ಹುಡುಕ್ತೀನಿ. ನನ್ನ ಹೆಂಡತಿ, ಎಲ್ಲಿಗೆ ಹೊರಟ್ರಿ ಅಂತ ಕೇಳ್ತಾಳೆ. ಏನಂತ ಹೇಳ್ಲಿ?"

"ಎಲ್ಲಿಗಾದರೂ ಹೋಗಿಬನ್ನಿ ಸಾರ್, ಮನಸ್ಸು ಹಗುರಾಗುತ್ತೆ" ಎಂದೆ. ಸೋಪು ತೂಗುಹಾಕುವ ಮನುಷ್ಯನಿಂದ ನಾನು ಪಾಠ ಕಲಿಯಬೇಕೇ? ಜಿಂಕೆಗಳಿಗೆ ಕನ್ನಡ ಅಭ್ಯಾಸವಾಗಿದೆ ಎಂದು ಆ ಸಂಜೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಸೇರಿಸಿದೆ. ಮೂರೂ ಭಾಷೆ ಮುಗಿಯುವಷ್ಟರಲ್ಲಿ ಅವು ಒಂದು ಸಾಲು ಪೂರ್ತಿ ಮುಗಿಸಿದ್ದವು.

ಅತ್ತೆ ಬರುವ ಹಿಂದಿನ ದಿನ ಸಂಜೆ ಐದೂ ಇಪ್ಪತ್ತೈದಕ್ಕೆ ಹೆಂಡತಿ ನನ್ನನ್ನು ಅಡುಗೆಮನೆಯ ಕಿಟಕಿಗೆ ಕರೆದಳು. "ಬನ್ನಿ ಇಲ್ಲಿ. ಮಾತಾಡಬೇಡಿ, ನೋಡಿ."

ಗುಡ್ಡದ ಬುಡದಲ್ಲಿ ನಾಲ್ಕೂ ಜಿಂಕೆಗಳು ಸಾಲಾಗಿ ನಿಂತಿದ್ದವು. ಒಂದೂ ಮುಂದೆ ಬರುತ್ತಿಲ್ಲ. ಐದೂವರೆಗೆ ಸರಿಯಾಗಿ ಟಿಂಗ್-ಟಾಂಗ್-ಟಿಂಗ್ ಎಂದಿತು. ಅವು ಕಿವಿ ನಿಮಿರಿಸಿ, ನೂಕುನುಗ್ಗಲಿಲ್ಲದೆ, ಬೇಲಿ ಜಿಗಿದು ಬಂದು ಬಟಾಣಿಗೆ ಬಾಯಿ ಹಾಕಿದವು. ನನ್ನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಷ್ಟು ಶಿಸ್ತಿನ ಪ್ರಯಾಣಿಕರನ್ನು ನಾನು ಕಂಡಿರಲಿಲ್ಲ.

"ಗೊತ್ತಾಯ್ತಾ?" ಎಂದಳು ಹೆಂಡತಿ. "ಆ ಗಂಟೆ ಹೊಡೆದ್ರೆ ನಾಯಿ ಸುತ್ತಮುತ್ತ ಎಲ್ಲೂ ಇರಲ್ಲ ಅಂತ ಅವು ಕಲ್ತಿವೆ. ನೀವು ಓಡಿಸ್ತಾ ಇಲ್ಲ ರೀ. ದಿನಾ ಎರಡು ಹೊತ್ತು ಊಟದ ಗಂಟೆ ಹೊಡೀತಾ ಇದೀರಿ!"

ನಾನು ಕೈ ಬೀಸುತ್ತ ಹೊರಗೆ ಓಡುವಷ್ಟರಲ್ಲಿ ಪಾತಿಯಲ್ಲಿ ಉಳಿದದ್ದು ಊರಿದ್ದ ಕಡ್ಡಿಗಳು ಮಾತ್ರ. ವಾಪಸು ಬಂದರೆ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಮ್ಮ ಬಾಯಿ ಬಿಟ್ಟು ಕೇಳಿದ್ದು ಅದೊಂದೇ ರೀ. ಒಂದು ಬಲೆ ಕಟ್ಟಿ ಅಂದೆ. ಒಂದು ಬಲೆ!" ನಾನು ಇಂಗು ತಿಂದ ಮಂಗನಂತೆ ನಿಂತೆ. ನಿಜ ಹೇಳುತ್ತೇನೆ, ನನಗೆ ಬಹಳ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅತ್ತೆ ಬರೀ ಕಡ್ಡಿಗಳನ್ನು ನೋಡಿ ಗೋಡೆ ಕಡೆ ತಿರುಗಿಬಿಟ್ಟರೆ?

ನನ್ನಂಥವನಿಗೆ ನಾಚಿಕೆಯಾದರೆ ಅದಕ್ಕಿಂತ ಅಪಾಯ ಬೇರೆ ಇಲ್ಲ, ಕೂಡಲೇ ಒಂದು ಉಪಾಯ ಹೊಳೆಯುತ್ತದೆ. ಮರುದಿನ ರಜೆ ಹಾಕಿ, ಮಾರ್ಕೆಟ್ಟಿನಿಂದ ಒಂದು ಚೀಲ ಎಳೆ ಬಟಾಣಿ ತಂದೆ. ಹೆಡ್‌ಮಾಸ್ಟರ ಬೇಲಿಯಿಂದ ಯಾವುದೋ ಬಳ್ಳಿ ಎಳೆದು ಕಡ್ಡಿಗಳಿಗೆ ಸುತ್ತಿದೆ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಹಸಿರು ನೂಲು ತೆಗೆದು, ಮಂಡಿಯೂರಿ ಕೂತು, ಒಂದೊಂದೇ ಕಾಯಿಯನ್ನು ಬಳ್ಳಿಗೆ ಕಟ್ಟಿದೆ. ತೊಂಬತ್ತಾರು ಕಾಯಿ! ಚಳಿಗೆ ಬೆರಳು ಮರಗಟ್ಟಿತು.

"ಬಳ್ಳಿ ಯಾವುದೋ, ಕಾಯಿ ಯಾವುದೋ. ಅಮ್ಮನಿಗೆ ಮುರಿದಿರೋದು ಸೊಂಟ, ಕಣ್ಣಲ್ಲ" ಎಂದಳು ಹೆಂಡತಿ. ಆದರೂ ಸೂಜಿ ಹಿಡಿದು ಪಕ್ಕದಲ್ಲಿ ಕೂತಳು.

ನಾಲ್ಕು ಗಂಟೆಗೆ ಅತ್ತೆಯನ್ನು ಕರೆತಂದು ಹಿತ್ತಿಲ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿಸಿ ಕೂರಿಸಿದೆವು. ಎಷ್ಟು ಸಣ್ಣಗಾಗಿದ್ದರೆಂದರೆ ಎತ್ತಲು ನಾನೊಬ್ಬನೇ ಸಾಕಾದೆ. ಐದು ಗಂಟೆ ದಾಟಿದ ಮೇಲೆ ಹೆಂಡತಿ ಅನ್ನದ ತಟ್ಟೆ, ಬೇಯಿಸಿದ ಬಟಾಣಿ ತಂದಿಟ್ಟಳು. ಅತ್ತೆ ಚಮಚ ಮುಟ್ಟಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಇದ್ದರು.

"ಅಳಿಯಂದ್ರೇ, ತುಂಬಾ ಬಿಟ್ಟಿದೆಯಲ್ಲ!"

"ಎಲ್ಲಾ ನಿಮ್ಮ ಕೈಗುಣ ಅತ್ತೆ."

"ಕಾಯಿ ಕೆಳಗೆ ಜೋತುಬೀಳೋದು ಬಿಟ್ಟು ಕೆಲವು ಮೇಲಕ್ಕೆ ನೋಡ್ತಾ ಇವೆ?"

"ಅದು... ಬಿಸಿಲು ಕಡಿಮೆ ನೋಡಿ ಅತ್ತೆ, ಹುಡುಕ್ತಾ ಇವೆ."

ಅತ್ತೆ ನನ್ನನ್ನು ಒಂದು ಥರ ನೋಡಿದರು. ಅಷ್ಟರಲ್ಲಿ ಗೋಡೆಯಿಂದ ಟಿಂಗ್-ಟಾಂಗ್-ಟಿಂಗ್ ಎಂದಿತು! ತೊಂಬತ್ತಾರು ಕಾಯಿ ಕಟ್ಟಿದ ಮಹಾಶಯ ಒಂದು ಅಲಾರಂ ನಿಲ್ಲಿಸುವುದನ್ನು ಮರೆತಿದ್ದ. "ಜಿಂಕೆಗಳ ಗಮನಕ್ಕೆ" ಎಂದು ನನ್ನದೇ ಕಂಠ ಮೊಳಗಿತು. ಗಮನವಿಟ್ಟು ಕಾಯುತ್ತಿದ್ದ ನಾಲ್ಕೂ ಜಿಂಕೆಗಳು ಬೇಲಿ ಜಿಗಿದು ಬಂದವು. ದೊಡ್ಡ ಜಿಂಕೆ ಒಂದು ಕಾಯಿಗೆ ಬಾಯಿ ಹಾಕಿ ಎಳೆಯಿತು. ನೂಲು ಬಿಚ್ಚಿಕೊಂಡಿತು. ಇನ್ನೂ ಎಳೆಯಿತು. ಬಳ್ಳಿ, ಕಡ್ಡಿ, ಇಡೀ ಸಾಲು ಒಂದರ ಹಿಂದೊಂದು ಕಿತ್ತು ಬಂತು. "ತಮ್ಮ ಸಹಕಾರಕ್ಕೆ ಧನ್ಯವಾದಗಳು" ಎಂದಿತು ಗೋಡೆ.

ಅತ್ತೆಯ ಭುಜ ಅಲುಗಾಡುತ್ತಿತ್ತು. "ಅಮ್ಮಾ, ನೋವಾ?" ಎಂದು ಹೆಂಡತಿ ಓಡಿಬಂದಳು. ನೋವಲ್ಲ, ನಗು! ತಿಂಗಳುಗಳಿಂದ ನಗುವುದನ್ನೇ ಮರೆತಿದ್ದವರು ಹೊಲಿಗೆ ಹಾಕಿದ ಸೊಂಟ ಹಿಡಿದುಕೊಂಡು ನಗುತ್ತಿದ್ದರು.

"ಅಳಿಯಂದ್ರೇ, ಈ ಮನೇಲಿ ನಿಮ್ಮ ಮಾತು ಕೇಳೋರು ಯಾರೂ ಇಲ್ಲ ಅಂತ ಇವಳು ಹೇಳ್ತಾನೇ ಇದ್ಲು. ಹೊರಗೆ ನಾಲ್ಕು ಜನ ಇದಾರಲ್ಲ, ಪಾಪ!"

ನಗುತ್ತ ನಗುತ್ತ ಒಂದು ಚಮಚ ಬಾಯಿಗಿಟ್ಟರು. ಆಮೇಲೆ ಇನ್ನೊಂದು. ಜಿಂಕೆಗಳು ನೂಲು ಉಗುಳುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು. "ಇನ್ನೊಂದು ಸ್ವಲ್ಪ ಹಾಕೇ" ಎಂದು ಮಗಳ ಕಡೆ ತಟ್ಟೆ ಚಾಚಿದರು. ಅವಳು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತು ಅತ್ತು, ಮುಖ ತೊಳೆದುಕೊಂಡು ಬಂದು ಬಡಿಸಿದಳು. ಆಮೇಲೆ ನನ್ನ ಕಿವಿಯಲ್ಲಿ ಅಪ್ಪಣೆ ಕೊಟ್ಟಳು: "ನಾಳೆನೂ ಕಟ್ಟಿ. ಅಲಾರಂ ತೆಗೆದ್ರೆ ನೋಡಿ!"

ಅಂದಿನಿಂದ ದಿನಾ ಸಂಜೆ ನನ್ನ ಮರ್ಯಾದೆಯ ಪ್ರದರ್ಶನ. ನಾಲ್ಕಕ್ಕೆ ಮಂಡಿಯೂರಿ ಕಾಯಿ ಕಟ್ಟುವುದು, ಈಗ ನೂಲಿಲ್ಲದೆ ಬರೀ ಸಿಕ್ಕಿಸುವುದು. ಐದೂವರೆಗೆ ಜಿಂಕೆಗಳಿಂದ ಅವಮಾನ, ಅತ್ತೆಯಿಂದ ಟೀಕೆ, ತಟ್ಟೆ ಖಾಲಿ. ಹದಿನೈದು ದಿನ ಬಿಟ್ಟು ತೂಕ ನೋಡಿದ ಡಾಕ್ಟರು, "ಭೇಷ್! ಯಾವ ಟಾನಿಕ್ ಕೊಟ್ರಿ?" ಎಂದು ಕೇಳಿದರೆ, ಹೆಂಡತಿ ನನ್ನ ಕಡೆ ಬೆರಳು ತೋರಿಸಿದಳು.

ಮೊನ್ನೆ ಒಂದು ಸಂಜೆ ಗಂಟೆ ಹೊಡೆಯಿತು, ಜಿಂಕೆಗಳು ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಅತ್ತೆ ಗುಡ್ಡ ನೋಡಿದರು, ನನ್ನನ್ನು ನೋಡಿದರು, ಚಮಚವನ್ನು ತಟ್ಟೆಯಲ್ಲಿಟ್ಟರು.

"ರೀ, ಏನಾದ್ರೂ ಮಾಡ್ರೀ! ಅಮ್ಮ ಊಟ ನಿಲ್ಲಿಸ್ತಾ ಇದಾಳೆ!"

ಏನು ಮಾಡುವುದು? ಕಿಟಕಿಯ ಹೊರಗೆ ಪಾತಿಯಲ್ಲಿ ನೆಟ್ಟಗೆ ನಿಂತೆ. ಗಂಟಲು ಸರಿಮಾಡಿಕೊಂಡು, ಮೈಕಿಲ್ಲದೆ, ಅಪ್ಪಟ ನಿಲ್ದಾಣದ ಧ್ವನಿಯಲ್ಲಿ ಹೇಳಿದೆ: "ದಯವಿಟ್ಟು ಗಮನಿಸಿ. ಗುಡ್ಡದಿಂದ ಬರಬೇಕಾದ ಜಿಂಕೆಗಳು ಸುಮಾರು ಇಪ್ಪತ್ತು ನಿಮಿಷ ತಡವಾಗಿ ಬರುವ ನಿರೀಕ್ಷೆಯಿದೆ. ಇದರಿಂದ ತಮಗೆ ಆಗಿರುವ ತೊಂದರೆಗಾಗಿ ನಾವು ವಿಷಾದಿಸುತ್ತೇವೆ."

ಅತ್ತೆ ಕಣ್ಣರಳಿಸಿ ಕೇಳಿದರು. ಮೆಲ್ಲಗೆ ಚಮಚ ಎತ್ತಿಕೊಂಡು ಬಾಯಿ ತುಂಬ ಅನ್ನ ಇಟ್ಟುಕೊಂಡರು.

"ಇದು ಚೆನ್ನಾಗಿದೆ ಅಳಿಯಂದ್ರೇ. ದಿನಾ ಇದನ್ನೇ ಹೇಳಿ. ನೀವು ಹೀಗೆ ವಿಷಾದಿಸ್ತಾ ಇದ್ರೆ ಜಿಂಕೆ ಬರದಿದ್ರೂ ನಾನು ಹೊಟ್ಟೆ ತುಂಬ ಉಣ್ತೀನಿ."