ಕಿಟಕಿಗೆ ಒಂದು ಅಂಕ

ಮನುಷ್ಯನ ಏಳುಬೀಳುಗಳನ್ನು ಅವನ ವಂಶ ಮತ್ತು ಪರಿಸರ ಮೊದಲೇ ನಿರ್ಧರಿಸಿರುತ್ತವೆ ಎಂಬ ಸಂಗತಿಯನ್ನು ಪೂರ್ವಭಾಗ ಸ್ನಾತಕೋತ್ತರ ಕೇಂದ್ರದ ವಿದ್ಯಾ ಮಂಡಳಿಯು ಕಳೆದ ಜುಲೈ ತಿಂಗಳ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಅಲ್ಲಿಯವರೆಗೆ ಅದು ಬರೀ ಒಂದು ಸಾಹಿತ್ಯ ಸಿದ್ಧಾಂತವಾಗಿತ್ತು.

ಇದು ಹೇಗಾಯಿತೆಂದು ಬಲ್ಲವನು ಸುಗತ ಒಬ್ಬನೇ. ಹಲಸೂರಿನ ಸುಗತ ಲಿಂಗರಾಜಪುರದ ಈ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಇಷ್ಟು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿ ಉಳಿದವನನ್ನು ಬೇರೆ ಕಡೆ ಅಳಿಯ ಅನ್ನುತ್ತಾರೆ. ಅವನು ಎಂ.ಎ. ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಅಮೆರಿಕನ್ ವಾಸ್ತವವಾದ ಮತ್ತು ನಿಸರ್ಗವಾದದ ಸೆಮಿನಾರು ನಡೆಸುತ್ತಿದ್ದ. ಅಮೆರಿಕದಲ್ಲಿ ರೈಲು, ಗಿರಣಿ, ಕಸಾಯಿಖಾನೆಗಳು ಬೆಳೆದ ಕಾಲದಲ್ಲಿ ಕೆಲವರು ಅಡುಗೆಮನೆಯನ್ನು ಅಡುಗೆಮನೆಯ ಹಾಗೇ ಬರೆಯತೊಡಗಿದರು, ಅವರು ವಾಸ್ತವವಾದಿಗಳು. ಗಿರಣಿಯಲ್ಲಿ ನಿಂತವನನ್ನು ಗಿರಣಿಯೇ ರೂಪಿಸುತ್ತದೆ, ಅವನ ಕೈಯಲ್ಲಿ ಏನೂ ಇಲ್ಲ ಎಂದು ಆಮೇಲೆ ಬಂದವರು ಬರೆದರು, ಅವರು ನಿಸರ್ಗವಾದಿಗಳು. ಸುಗತ ಇದನ್ನು ಪ್ರತಿ ವರ್ಷ ಇಷ್ಟೇ ಸರಳವಾಗಿ ಹೇಳುತ್ತಿದ್ದ.

ಪರಿಶೀಲನಾ ಸಮಿತಿ ಬರುವ ಹಿಂದಿನ ದಿನ ಸಂಜೆ ಐದಕ್ಕೆ, ಐದೂವರೆಯೊಳಗೆ ಕೋರ್ಸ್ ಫೈಲ್ ತುಂಬಿಸಿ ಎಂದು ವಿಭಾಗದ ಮುಖ್ಯಸ್ಥೆ ಹೇಮಶ್ರೀ ಮೇಡಂ ವಾಟ್ಸಾಪ್ ಮಾಡಿದರು. ಆ ಗಡಿಬಿಡಿಯಲ್ಲಿ ಸುಗತ ಆರನೇ ಕಾಲಮ್ಮಿಗೆ ಸೇರಬೇಕಾದ್ದನ್ನು ಏಳಕ್ಕೂ, ಏಳರದ್ದನ್ನು ಆರಕ್ಕೂ ತುಂಬಿಬಿಟ್ಟ. ಹೀಗಾಗಿ ‘ವಿಷಯದ ತಿರುಳು’ ಎಂಬಲ್ಲಿ ‘ಲಿಖಿತ ಪ್ರಬಂಧ, ಇಪ್ಪತ್ತೈದು ಅಂಕ’ ಎಂದೂ, ‘ಮೌಲ್ಯಮಾಪನ ವಿಧಾನ’ ಎಂಬಲ್ಲಿ ವಂಶ ಮತ್ತು ಪರಿಸರದ ಆ ವಾಕ್ಯವೂ ಬಂದು ಕೂತವು. ಮಂಡಳಿಯು ನಲವತ್ತೊಂದು ಕೋರ್ಸುಗಳನ್ನು ವಡೆ ಬರುವುದಕ್ಕೂ ಚಹಾ ಬರುವುದಕ್ಕೂ ನಡುವೆ ಅನುಮೋದಿಸಿತು.

ತಪ್ಪು ತಿಳಿದ ಕೂಡಲೇ ಸುಗತ ಮೇಡಂ ಹತ್ತಿರ ಓಡಿದ. ಮೇಡಂ ಸಮಾಧಾನವಾಗಿ ಕೇಳಿಸಿಕೊಂಡರು. ಪರಿಶೀಲನಾ ಸಮಿತಿ ಆ ಕಾಲಮ್ಮನ್ನು ‘ಅನುಕರಣೀಯ ಪದ್ಧತಿ’ ಎಂದು ಹೊಗಳಿ ಬರೆದಾಗಿದೆ, ಅನುಮೋದಿತ ಕೋರ್ಸನ್ನು ಮೂರು ವರ್ಷ ಮುಟ್ಟುವ ಹಾಗಿಲ್ಲ, ಇದು ತಪ್ಪು ಅಂದರೆ ತಪ್ಪನ್ನು ಅನುಮೋದಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಗೆ ಯಾವ ಫೈಲಿನಲ್ಲೂ ಜಾಗವಿಲ್ಲ ಎಂದರು. ಮರುವಾರವೇ ಸುತ್ತೋಲೆ ಹೊರಟಿತು.

‘ಸೆಮಿನಾರ್ ವಿದ್ಯಾರ್ಥಿಗಳು ಪರಿಸರ ಘೋಷಣಾ ಪತ್ರವನ್ನು ಸಲ್ಲಿಸತಕ್ಕದ್ದು. ತಂದೆ ತಾಯಿಯ ವೃತ್ತಿಗೆ ಗರಿಷ್ಠ ಹತ್ತು ಅಂಕ, ವಾಸಸ್ಥಳಕ್ಕೆ ಹತ್ತು, ಗಾಳಿ ಬೆಳಕಿಗೆ ಐದು. ಗಾಳಿ ಬೆಳಕಿನಡಿ ಬಾಲ್ಕನಿಗೆ ಎರಡು ಅಂಕ, ಕಿಟಕಿ ಒಂದಕ್ಕೆ ಒಂದರಂತೆ ಮೂರು ಮೀರದಂತೆ. ಪ್ರಬಂಧ ಕಡ್ಡಾಯ. ಅದಕ್ಕೆ ಅಂಕವಿರುವುದಿಲ್ಲ. ಘೋಷಣೆಗೆ ಪೂರಕ ಸಾಕ್ಷ್ಯವಾಗಿ ಲಗತ್ತಿಸತಕ್ಕದ್ದು.’

ವಿದ್ಯಾರ್ಥಿಗಳು ಗಲಾಟೆ ಮಾಡಲಿಲ್ಲ. ಇಷ್ಟು ದಿನ ಗುಟ್ಟಾಗಿ ನಡೆಯುತ್ತಿದ್ದದ್ದು ಈಗ ಫಾರಂ ಸಮೇತ ಬಂದಿದೆ, ಪಾರದರ್ಶಕವಾಗಿದೆ ಎಂದು ಕೆಲವರು ಮೆಚ್ಚಿಕೊಂಡರು ಕೂಡ. ಇಂದಿರಾನಗರದ ತೇಜಶ್ರೀಗೆ ಪ್ರಬಂಧದ ವಿಷಯ ಆರಿಸುವುದಕ್ಕೆ ಮುಂಚೆಯೇ ಇಪ್ಪತ್ತೆರಡು ಬಂತು. ಅವಳು ಪ್ರಾಮಾಣಿಕ ಹುಡುಗಿ. ತಾನಿನ್ನೂ ಏನೂ ಬರೆದಿಲ್ಲ ಎಂದು ಆಫೀಸಿಗೆ ಹೋಗಿ ಹೇಳಿದಳು. ಅವಸರವಿಲ್ಲ, ನಿಮ್ಮ ಬಾಲ್ಕನಿ ತಲುಪಿದೆ ಎಂದು ಅಲ್ಲಿಯವರು ಕಳಿಸಿದರು.

ನಾಗರತ್ನಾಳಿಗೆ ಬಂದದ್ದು ಒಂಬತ್ತು. ಪಾಸಾಗಲು ಹತ್ತು ಬೇಕು.

ನಾಗರತ್ನಾ ಯಾದಗಿರಿ ಕಡೆಯವಳು. ಅಪ್ಪ ಬಸಣ್ಣ ಗಾರೆ ಕೆಲಸದವನು, ಅವ್ವ ಸುಭದ್ರಮ್ಮ ದೊಮ್ಮಲೂರಿನ ಒಂದು ಆಫೀಸಿನಲ್ಲಿ ನೆಲ ಒರೆಸುವವಳು. ಮೂವರೂ ಕೆ.ಆರ್. ಪುರದಲ್ಲಿ ಮುನಿರಾಜಪ್ಪನವರ ಸಾಲುಕೋಣೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದರು. ಬಾಣಸವಾಡಿಯ ಒಂದು ಹೈಸ್ಕೂಲು, ಎಂ.ಎ. ಅಂಕಪಟ್ಟಿ ಹಿಡಿದುಕೊಂಡು ಜೂನ್‌ನಲ್ಲಿ ಬನ್ನಿ, ಇಂಗ್ಲಿಷ್ ಟೀಚರ್ ಮಾಡಿಕೊಳ್ಳುತ್ತೇವೆ ಎಂದು ಅವಳಿಗೆ ಮಾತು ಕೊಟ್ಟಿತ್ತು. ನಿಯಮದ ಪ್ರಕಾರ ಅವಳು ಮರುಪರೀಕ್ಷೆಗೆ ಕೂರಬಹುದಿತ್ತು. ಆದರೆ ಪರಿಸರ ಅದೇ ಆಗಿರುವುದರಿಂದ ಎಷ್ಟು ಸಲ ಕೂತರೂ ಒಂಬತ್ತೇ ಬರುವುದಿತ್ತು.

ಅವಳ ಪ್ರಬಂಧವನ್ನು ಸುಗತ ಎರಡು ಸಲ ಓದಿದ್ದ. ಕಣ್ಣೆದುರಿನ ಒಂದು ಬೆಳಗನ್ನು ಇದ್ದದ್ದು ಇದ್ದ ಹಾಗೆ ಬರೆದು, ಅದರ ಜೊತೆಗಿಟ್ಟು ಅಮೆರಿಕನ್ ಕಾದಂಬರಿಗಳನ್ನು ಚರ್ಚಿಸಿ ಎಂದು ಅವನು ಹೇಳಿದ್ದ. ಅವಳು ತಮ್ಮ ಕೋಣೆಯನ್ನೇ ಬರೆದಿದ್ದಳು. ಹತ್ತಡಿಗೆ ಹತ್ತಡಿ, ಒಂದು ಬಾಗಿಲು, ಕಿಟಕಿ ಇಲ್ಲ. ಬೆಳಗಿನ ಬಿಸಿಲು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಬರುತ್ತದೆ. ಅದು ಅಕ್ಕಿ ಡಬ್ಬಿಯ ಬುಡ ಮುಟ್ಟಿದಾಗ ಅವ್ವ ಸೆರಗು ಸಿಕ್ಕಿಸಿ ಕೆಲಸಕ್ಕೆ ಹೊರಡುತ್ತಾಳೆ. ಮೋಡದ ದಿನ ಅವ್ವನಿಗೆ ತಡವಾಗುತ್ತದೆ, ಬೈಸಿಕೊಳ್ಳುತ್ತಾಳೆ. ಹನ್ನೊಂದು ವರ್ಷದಲ್ಲಿ ಇಂಥದ್ದನ್ನು ಯಾರೂ ಬರೆದಿರಲಿಲ್ಲ. ಓದಿ ಮುಗಿಸಿದಾಗ ಸುಗತನಿಗೆ ತಾನು ಮೇಷ್ಟ್ರಾದದ್ದು ಸಾರ್ಥಕ ಅನ್ನಿಸಿತ್ತು. ಘೋಷಣಾ ಪತ್ರಗಳಿಗೆ ಅಂಕ ಹಾಕುವ ಸಮಿತಿಯವರಿಗೂ ಪ್ರಬಂಧ ಹಿಡಿಸಿತ್ತು. ಇಷ್ಟು ನಿಖರವಾಗಿ ಬರೆದಿರುವುದರಿಂದ ಸ್ಥಳ ಪರಿಶೀಲನೆಯ ಅಗತ್ಯವಿಲ್ಲ ಎಂದು ಷರಾ ಹಾಕಿ, ಗಾಳಿ ಬೆಳಕಿಗೆ ಸೊನ್ನೆ ಕೊಟ್ಟಿದ್ದರು.

ಸುಗತ ಕಂಪ್ಯೂಟರಿನಲ್ಲಿ ಅವಳ ಹೆಸರಿನೆದುರು ಇಪ್ಪತ್ನಾಲ್ಕು ಎಂದು ತುಂಬಿ ನೋಡಿದ. ‘ಪರಿಸರ ಮಿತಿ ಮೀರಿದೆ. ಕಾರಣ ಆಯ್ಕೆ ಮಾಡಿ: (ಅ) ಘೋಷಣೆ ಅಪೂರ್ಣ, (ಆ) ಸಿದ್ಧಾಂತ ತಪ್ಪು’ ಎಂದು ತೆರೆ ಹೇಳಿತು. ಅವನ ಬೆರಳು ‘ಆ’ ಮೇಲೆ ಬಹಳ ಹೊತ್ತು ನಿಂತಿತು. ಪಕ್ಕದಲ್ಲಿದ್ದ ಮೇಡಂ, ಸಿದ್ಧಾಂತ ತಪ್ಪಾದರೆ ಕೋರ್ಸ್ ಹೋಗುತ್ತದೆ, ಕೋರ್ಸ್ ಹೋದರೆ ಅದರ ಅತಿಥಿಯೂ ಹೋಗಬೇಕಾಗುತ್ತದೆ ಎಂದು ನೆನಪಿಸಿದರು. ಸುಗತ ಹೇಡಿಯೇನಲ್ಲ. ಮೇ ಮೂವತ್ತೊಂದರವರೆಗೆ ಮಾತ್ರ ನೇಮಕಾತಿ ಆದೇಶವಿದ್ದ ಮನುಷ್ಯ. ಅವನು ‘ಅ’ ಒತ್ತಿ ನಾಗರತ್ನಾಳನ್ನು ಕರೆಸಿದ.

“ನೋಡಮ್ಮ, ಫಾರಂನಲ್ಲಿ ಒಂದು ಕಿಟಕಿ ಅಂತ ಹಾಕ್ಬಿಡು. ಹತ್ತಾಗುತ್ತೆ. ಯಾರೂ ಬಂದು ನೋಡಲ್ಲ.”

“ಪ್ರಬಂಧದಾಗ ಕಿಟಕಿ ಇಲ್ಲ ಅಂತ ಬರ್ದೀನಲ್ರಿ ಸರ. ಎರಡೂ ಒಂದೇ ಫೈಲ್ನಾಗ ಅವ.”

“ಹಾಗಾದ್ರೆ ಪ್ರಬಂಧದಲ್ಲೂ ಒಂದು ಕಿಟಕಿ ಇಟ್ಬಿಡು. ಒಂದು ವಾಕ್ಯ ಅಷ್ಟೇ.”

“ಇಲ್ಲದ್ದು ಹ್ಯಾಂಗ ಬರೀಲ್ರಿ? ಇದ್ದದ್ದು ಇದ್ದಂಗ ಬರೀರಿ ಅಂತ ನೀವೇ ಹೇಳೀರಿ.”

ಸುಗತ ಆ ಮಾತನ್ನು ಹನ್ನೊಂದು ವರ್ಷದಿಂದ ಹೇಳುತ್ತಾ ಬಂದಿದ್ದ. ಅದನ್ನು ಒಬ್ಬರು ನಂಬಿಬಿಡುತ್ತಾರೆ ಎಂದು ಅವನು ಎಣಿಸಿರಲಿಲ್ಲ. ಬರೆಯಬೇಕಾದರೆ ಮೊದಲು ಕಿಟಕಿ ಇರಬೇಕು ಎಂದು ಅವಳು ಪಟ್ಟು ಹಿಡಿದಳು. ಆದ್ದರಿಂದ ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಕಿಟಕಿಯ ವಿಚಾರ ಮಾತಾಡಲು ಅವಳ ಕೋಣೆಗೆ ಹೋದರು.

ಸುಭದ್ರಮ್ಮ ಮೇಷ್ಟ್ರಿಗೆಂದು ಪಕ್ಕದ ಕೋಣೆಯ ಯಂಕಮ್ಮನ ಹತ್ತಿರ ಕುರ್ಚಿ ಇಸಿದುಕೊಂಡು ಬಂದಳು. ಬಸಣ್ಣ ನಿಯಮವನ್ನೆಲ್ಲ ಪೂರ್ತಿ ಕೇಳಿಸಿಕೊಂಡ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಆಧಾರ್, ಪಡಿತರ, ಲೇಬರ್ ಕಾರ್ಡು ಎಂದು ಇದಕ್ಕಿಂತ ಕಷ್ಟದ ಫಾರಂಗಳನ್ನು ತುಂಬಿಸಿದವನು. ಎದ್ದು ಬೆರಳ ಗಂಟಿನಿಂದ ಗೋಡೆಯನ್ನು ತಟ್ಟಿ, ಬಾಗಿಲಲ್ಲಿ ನಿಂತಿದ್ದ ಮುನಿರಾಜಪ್ಪನವರ ಕಡೆ ತಿರುಗಿ, “ಗೋಡಿ ಎಷ್ಟು ದಪ್ಪ ಅದರಿ ಮಾಲಕರ?” ಎಂದ.

ಮುನಿರಾಜಪ್ಪನವರಿಗೆ ಇದು ಸರಿಬರಲಿಲ್ಲ. ಈ ಜಾಗ ರಾಗಿ ಹೊಲವಾಗಿದ್ದಾಗಿನಿಂದ ಅವರದ್ದು. ಗೋಡೆಯ ಆಚೆ ಒಂದೇ ಅಡಿ ಸಂದಿ, ಸಂದಿಯಾಚೆ ಅವರದೇ ಇನ್ನೊಂದು ಕಟ್ಟಡ.

“ಕಿಟಕಿ ಇಟ್ರೆ ಏನ್ರೀ ಕಾಣ್ಸುತ್ತೆ ಮೇಷ್ಟ್ರೇ? ನನ್ನ ಗೋಡೆಯಿಂದ ನನ್ನ ಗೋಡೆ ಕಾಣ್ಸುತ್ತೆ.”

ಸುಗತ ಸುತ್ತೋಲೆ ಬಿಡಿಸಿ ಓದಿದ. ಕಿಟಕಿ ಎಂದರೆ ಗೋಡೆಯಲ್ಲಿ ಮಾಡಲಾದ, ತೆರೆಯಲು ಹಾಗೂ ಮುಚ್ಚಲು ಬರುವ ಅವಕಾಶ. ಅದರಾಚೆ ಏನಿರತಕ್ಕದ್ದು ಎಂಬ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಸರ್ಕಾರಿ ಧಾಟಿ ಕೇಳಿದ್ದೇ ಮುನಿರಾಜಪ್ಪನವರು ಮೆತ್ತಗಾದರು. ಖಾಲಿ ಮಾಡುವಾಗ ಕಿಟಕಿಯನ್ನು ಕಿತ್ತುಕೊಂಡು ಹೋಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿಕೊಂಡರು.

ಇಂದಿರಾನಗರದಿಂದ ಬಾಣಸವಾಡಿವರೆಗೆ ಬಸಣ್ಣ ಕೂರಿಸಿದ ಕಿಟಕಿಗಳಿಗೆ ಲೆಕ್ಕವಿಲ್ಲ. ತಾನು ವಾಸವಿರುವ ಕೋಣೆಗೆ ಕೂರಿಸಿದ್ದು ಇದೇ ಮೊದಲು. ದೊಮ್ಮಲೂರಲ್ಲಿ ಕೆಡವಿದ ಹಳೇ ಮನೆಯೊಂದರ ಹಸಿರು ಚೌಕಟ್ಟು ತಂದು, ಗೋಡೆ ಒಡೆದು, ಸಂಜೆಯೊಳಗೆ ಕೂರಿಸಿ, ಗಾರೆ ಒಣಗುವ ಮುಂಚೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದ. ಅವನಿಗೆ ಬಹಳ ಸಂತೋಷವಾಗಿತ್ತು. ಸುಭದ್ರಮ್ಮ ತೆರೆದು ನೋಡಿದಳು. ಗಾಳಿ ಬರಲಿಲ್ಲ, ಬೆಳಕೂ ಬರಲಿಲ್ಲ. ಆಚೆ ಮನೆಯ ಒಗ್ಗರಣೆಯ ವಾಸನೆ ಮಾತ್ರ ಚೆನ್ನಾಗಿ ಬಂತು.

ಕೇಂದ್ರದಿಂದ ಇಬ್ಬರು ಬಂದು ಟೇಪು ಹಿಡಿದು ಅಳೆದರು, ಮೂರು ಸಲ ತೆರೆದರು, ಮೂರು ಸಲ ಮುಚ್ಚಿದರು, ಫೋಟೋ ತೆಗೆದರು. ನಾಗರತ್ನಾ ತನ್ನ ಪ್ರಬಂಧಕ್ಕೆ ತಿದ್ದುಪಡಿ ಸಲ್ಲಿಸಿದಳು: ‘ಈಗ ಕಿಟಕಿ ಇದೆ. ಅದರಾಚೆ ಗೋಡೆ ಇದೆ. ಅವ್ವ ಇವತ್ತಿಗೂ ಹೊತ್ತು ನೋಡುವುದು ಬಾಗಿಲ ಸಂದಿಯಲ್ಲೇ.’ ಸಮಿತಿಯು ಮೊದಲ ವಾಕ್ಯವನ್ನು ಪರಿಗಣಿಸಿ ಒಂದು ಅಂಕ ನೀಡಿತು. ಹತ್ತಾಯಿತು. ಅವಳು ಪಾಸಾದಳು.

ಅಂಕಪಟ್ಟಿ ಕೈಗೆ ಬಂದ ದಿನ ಅವಳು ಸುಗತನನ್ನು ಹುಡುಕಿಕೊಂಡು ಬಂದಳು.

“ಸರ, ಕಿಟಕಿ ಬಿಡ್ರಿ. ಪ್ರಬಂಧ ಹ್ಯಾಂಗಿತ್ತು?”

“ಇಪ್ಪತ್ನಾಲ್ಕು ಕೊಡೋ ಹಾಗಿತ್ತಮ್ಮ.”

“ಅದನ್ನ ಎಲ್ಲಿ ಬರೀತೀರಿ ಮತ್ತ?”

ಬರೆಯಲು ಯಾವ ಕಾಲಮ್ಮೂ ಇರಲಿಲ್ಲ. ಸುಗತ ಅವಳ ಪ್ರತಿಯನ್ನು ತಿರುಗಿಸಿ, ಕೊನೆಯ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘೨೪’ ಎಂದು ಬರೆದು ಸಹಿ ಹಾಕಿದ. ಅವಳು ಅದನ್ನು ಅಂಕಪಟ್ಟಿಗಿಂತ ಜೋಪಾನವಾಗಿ ಚೀಲಕ್ಕಿಟ್ಟುಕೊಂಡಳು. ಸುಗತನಿಗೆ ನಾಚಿಕೆಯಾಯಿತು. ಆದರೆ ಅದನ್ನು ತುಂಬುವುದಕ್ಕೂ ಕಾಲಮ್ಮಿರಲಿಲ್ಲ.

ಪರಿಸರ ಬದಲಾದೊಡನೆ ಫಲವೂ ಬದಲಾದದ್ದರಿಂದ ಸಿದ್ಧಾಂತ ಸಾಬೀತಾಗಿದೆ ಎಂದು ಹೇಮಶ್ರೀ ಮೇಡಂ ವಾರ್ಷಿಕ ವರದಿಯಲ್ಲಿ ದಾಖಲಿಸಿದರು. ಮುನಿರಾಜಪ್ಪನವರು ಸಾಲಿನ ಉಳಿದ ಹನ್ನೊಂದು ಕೋಣೆಗಳಿಗೂ ಬಸಣ್ಣನ ಕೈಯಲ್ಲಿ ಕಿಟಕಿ ಇಡಿಸಿ, ‘ಅಂಕಕ್ಕೆ ಅರ್ಹವಾದ ಕೋಣೆಗಳು ಬಾಡಿಗೆಗಿವೆ’ ಎಂದು ಬೋರ್ಡು ಹಾಕಿದರು. ಒಳ್ಳೆಯ ಪದ್ಧತಿಯನ್ನು ವಿದ್ಯಾರ್ಥಿಗಳಿಗಷ್ಟೇ ಸೀಮಿತಗೊಳಿಸುವುದು ಅನ್ಯಾಯವೆಂದು ಮನಗಂಡ ಮಂಡಳಿಯು ಜೂನ್ ಒಂದರಿಂದ ಅತಿಥಿ ಉಪನ್ಯಾಸಕರ ಮರುನೇಮಕಾತಿಗೂ ಅದನ್ನು ವಿಸ್ತರಿಸಿತು. ಅವರು ಕೇಂದ್ರದಲ್ಲಿ ಕೂರುವ ಜಾಗವೇ ಅವರ ಪರಿಸರ. ಅತಿಥಿ ಉಪನ್ಯಾಸಕರು ಕೂರುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಸುಗತನ ಫಾರಂ ತುಂಬಿಯಾದ ಮೇಲೆ ಒಂದು ಅಂಕ ಕಡಿಮೆ ಬಿತ್ತು.

ಆ ಕೋಣೆಯ ಹಿಂದಿನ ಗೋಡೆಯಾಚೆ ವಿದ್ಯಾ ಮಂಡಳಿಯ ಸಭಾಂಗಣವಿದೆ. ಅಲ್ಲಿ ಕಿಟಕಿ ಇಡಲು ಸುಗತ ಅನುಮತಿ ಕೇಳಿದ್ದಕ್ಕೆ, ಸಭೆ ನಡೆಯುವಾಗ ಅದು ಮುಚ್ಚಿರತಕ್ಕದ್ದು ಎಂಬ ಷರತ್ತಿಗೊಳಪಟ್ಟು ತನ್ನ ಆಕ್ಷೇಪಣೆ ಇಲ್ಲವೆಂದು ಮಂಡಳಿ ಲಿಖಿತವಾಗಿ ತಿಳಿಸಿತು. ಸುಗತ ಬಸಣ್ಣನಿಗೆ ಫೋನ್ ಮಾಡಿ ವಿಷಯ ಹೇಳಿದ. ಬಸಣ್ಣ ಬೇರೇನೂ ಕೇಳಲಿಲ್ಲ.

“ಗೋಡಿ ಎಷ್ಟು ದಪ್ಪ ಅದರಿ ಸರ?”

“ಒಂಬತ್ತಿಂಚು,” ಎಂದ ಸುಗತ. ಅವನು ಆಗಲೇ ಅಳೆದಿಟ್ಟಿದ್ದ.